ಹಾಳಮಣ್ಣಿನ ಗಾಡಿ

ಜೋಹರಾಬಿ ನದಾಫಳಿಗೆ ತಲೆ ಎತ್ತಿ ನಡೆಯುವುದು ಗೊತ್ತೇ ಇಲ್ಲ. ನಾಚಿಕೆ ಸ್ವಭಾವದವಳಿರಬೇಕು ಅಂತ ತಿಳಿದುಕೊಂಡೀರಿ, ಅದರ ಗಂಧಗಾಳಿಯೂ ಅವಳಿಗಿಲ್ಲ. ಕೊಪ್ಪಳದ ಕಾಲೇಜೊಂದರಲ್ಲಿ ಪುರಾತತ್ವ ಕಲಿಸುವ ಪ್ರೊಫೆಸರ್ ಅವಳು. ಕ್ಲಾಸಿನಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಹಿಂದಿನ ಬೆಂಚಿನವರ ಮೊಬೈಲುಗಳು ತಾವಾಗಿಯೇ ಕಿಸೆ ಸೇರುತ್ತವೆ. ಆದರೆ ಹೊರಗೆ ಕಾಲಿಟ್ಟಳೋ, ಕಣ್ಣು ನೆಲಕ್ಕೆ ಬಿತ್ತೆಂದೇ ತಿಳಿಯಿರಿ. ಬಸ್ ಸ್ಟ್ಯಾಂಡಿರಲಿ, ಮದುವೆಯ ಹಂದರವಿರಲಿ, ನಡುವೆ ಬಗ್ಗಿ ಏನೋ ಎತ್ತಿಕೊಳ್ಳುತ್ತಾಳೆ, ಸೆರಗಿನಿಂದ ಒರೆಸುತ್ತಾಳೆ, ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ. ಬಹಳ ಸಲ ಅದು ಮೊನ್ನೆ ಮೊನ್ನೆ ಯಾರೋ ಒಡೆದ ಹೂಕುಂಡದ ಚೂರಾಗಿರುತ್ತದೆ. ಆಗ ಅದನ್ನು ಬಿಸಾಡಿ, ಏನೂ ಆಗದವಳಂತೆ ಮದುವೆಯ ಊಟಕ್ಕೆ ಹೋಗುತ್ತಾಳೆ.

ಮಡಕೆಯ ಒಡಕು ಚೂರಿಗೆ ಈ ಕಡೆ ಬೋಕಿ ಅನ್ನುತ್ತಾರೆ. ಹೀಗಾಗಿ ಕುಷ್ಟಗಿ, ತಾವರಗೇರಾ ಸುತ್ತಿನ ಹಳ್ಳಿಗಳಲ್ಲಿ ಅವಳು ಬೋಕಿ ಮೇಡಂ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ತಾಯಿ ತಾಜಬೀಗೆ ಮಾತ್ರ ಇದು ಸೇರದು.

‘ಮಂದಿ ಮಕ್ಕಳು ಬಂಗಾರ ಹುಡುಕ್ತಾವ. ನಮ್ಮದು ತಿಪ್ಪಿ ಕೆದರತೈತಿ,’ ಎಂದು ಬಂದವರೆದುರು ಹೇಳುತ್ತಾಳೆ. ಹೇಳುವಾಗ ದನಿಯಲ್ಲಿ ಒಂದಿಷ್ಟು ಜಂಬ ಇರುತ್ತದೆ ಎಂಬುದು ಬೇರೆ ಮಾತು.

ಜೋಹರಾಳಿಗೆ ಹೆಸರು ಬಂದದ್ದೂ ಆ ಬೋಕಿಗಳಿಂದಲೇ. ಹರೆಯದಲ್ಲಿ ತಾವರಗೇರಾ ಸುತ್ತಿನ ಹೊಲಗಳನ್ನು ಕಾಲ್ನಡಿಗೆಯಲ್ಲಿ ತಿರುಗಿ, ಎಲ್ಲೆಲ್ಲಿ ಹಳೆಯ ಕಾಲದ ಮಡಕೆ ಚೂರುಗಳು ದಟ್ಟವಾಗಿ ಬಿದ್ದಿವೆ ಎಂದು ನೋಡಿದಳು. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ಒಂದಲ್ಲ ಎರಡಲ್ಲ, ಹನ್ನೆರಡು ಚಿಕ್ಕ ಚಿಕ್ಕ ಹಳ್ಳಿಗಳು ಒಂದಕ್ಕೊಂದು ಕೂಗಿಗೆ ಕೇಳುವಷ್ಟು ಹತ್ತಿರ ಹತ್ತಿರ ಇದ್ದವು ಎಂಬುದು ಅವಳ ವಾದ. ಅದರ ಮೇಲೆ ಪಿಎಚ್‌ಡಿ ಆಯಿತು, ಪುಸ್ತಕ ಬಂತು, ಪುಸ್ತಕದ ಮೇಲೆ ನೌಕರಿ ಬಂತು. ಪಂಡಿತರು ತಲೆದೂಗಿದರು. ಒಂದೇ ಒಂದು ಕೊಂಕು ಉಳಿಯಿತು: ನೆಲದ ಮೇಲಿನ ಚೂರು ನೋಡಿ ಹೇಳಿದ್ದಾಯಿತು, ನೆಲದ ಒಳಗೆ ಏನಿದೆ ಎಂದು ಅಗೆದು ನೋಡಿದವರು ಯಾರು? ಅಗೆಯಲು ಅನುಮತಿ ಬೇಕು, ಹಣ ಬೇಕು. ಎರಡೂ ಕೂಡಿ ಬರುವ ಹೊತ್ತಿಗೆ ಅವಳ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಗೆದ ಕುಣಿಯಲ್ಲಿ ಒಂದು ಮನೆಯ ನೆಲ, ಒಂದು ಒಲೆ, ಒಂದು ಕಂಬದ ಗುಳಿ ಸಿಕ್ಕರೆ ಬದುಕೆಲ್ಲ ಹೇಳಿದ ಮಾತು ನಿಲ್ಲುತ್ತದೆ. ಸಿಗದಿದ್ದರೆ ಅದು ಬರೀ ಮಾತಾಗುತ್ತದೆ. ಇದು ಅವಳಿಗೂ ಗೊತ್ತಿತ್ತು, ಕೊಂಕು ತೆಗೆದವರಿಗೂ ಗೊತ್ತಿತ್ತು.

ಇನ್ನು ಇಷ್ಟಕ್ಕೆಲ್ಲ ಮೂಲಪುರುಷನಾದ ಗಾಡಿ ರಾಜಾಸಾಬನ ಸುದ್ದಿಗೆ ಬರೋಣ. ರಾಜಾಸಾಬ ಜೋಹರಾಳ ತಂದೆ. ಊರು ತಾವರಗೇರಾ ಕಡೆಯ ಕರಡಿಹಾಳ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನ. ಮನೆಮಾತು ಕನ್ನಡವೇ. ಉರ್ದು ಏನಿದ್ದರೂ ನೆಂಟರ ಮದುವೆಗೆ ಮತ್ತು ತಾಜಬೀಯ ಸಿಟ್ಟು ನೆತ್ತಿಗೇರಿದಾಗಿನ ಬಳಕೆಗೆ. ಹತ್ತಿ ಹಿಂಜುವ ಮಷಿನ್ ಬಂದು ಕೈಕೆಲಸ ಕುಂಟತೊಡಗಿದಾಗ ರಾಜಾಸಾಬ ಹಿಂಜುವ ಬಿಲ್ಲು ಗೋಡೆಗೆ ತೂಗುಹಾಕಿ, ಒಂದು ಜೋಡಿ ಎತ್ತು, ಒಂದು ಗಾಡಿ ಮಾಡಿಕೊಂಡು ಬಾಡಿಗೆಗೆ ನಿಂತ. ಕಲ್ಲು, ಮೇವು, ಮಣ್ಣು, ಶೇಂಗಾ ಚೀಲ, ಮದುಮಕ್ಕಳು, ಯಾವುದು ಬಂದರೂ ಹೇರುವುದೇ. ಆಡು ಮುಟ್ಟದ ಸೊಪ್ಪಿಲ್ಲ, ರಾಜಾಸಾಬನ ಗಾಡಿ ಹೋಗದ ಹೊಲವಿಲ್ಲ ಎಂದು ಮಂದಿ ಆಡಿಕೊಳ್ಳುತ್ತಿದ್ದರು.

ಜೋಹರಾ ಏಳನೆಯ ಇಯತ್ತೆ ಮುಗಿಸಿದಾಗ ಊರ ಹಿರಿಯರು, ಹೆಣ್ಣುಹುಡುಗಿಗೆ ಇಷ್ಟು ಸಾಕು ಎಂದರು. ತಾಜಬೀಯೂ ಹೌದೆಂದಳು. ರಾಜಾಸಾಬ ಎತ್ತಿನ ಕೊರಳಗಂಟೆ ಒರೆಸುತ್ತ, ‘ಗಾಡಿ ನಡೀತೈತಿ. ಅಲ್ಲೀತನಾ ಸಾಲೀನೂ ನಡೀಲಿ,’ ಎಂದ. ಗಾಡಿ ನಿಲ್ಲಲಿಲ್ಲ, ಸಾಲಿಯೂ ನಿಲ್ಲಲಿಲ್ಲ. ತಾವರಗೇರಾದ ಹೈಸ್ಕೂಲಿಗೆ ಅವಳು ಎಷ್ಟೋ ಸಲ ಮೇವಿನ ಹೇರಿನ ಮೇಲೆ ಕೂತೇ ಹೋದಳು. ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಿದಳು. ಅಲ್ಲಿಗೆ ತಂದೆ ಬಸ್ಸಿನಲ್ಲಿ ಸಜ್ಜೆರೊಟ್ಟಿಯ ಗಂಟು ಹಿಡಿದು ಬರುತ್ತಿದ್ದ. ಹಾಸ್ಟೆಲಿನ ಹುಡುಗಿಯರೆಲ್ಲ ಅವನ ದಾರಿ ಕಾಯುತ್ತಿದ್ದರು. ಆಮೇಲೆ ಧಾರವಾಡದಲ್ಲಿ ಎಂ.ಎ. ನಡುವೆ ಬಂದ ಎರಡು ಸಂಬಂಧಗಳಿಗೂ ‘ಹೊಲ ತಿರುಗೋದು ಬಿಡಬೇಕು’ ಎಂಬ ಕರಾರಿತ್ತು. ಅವಳು ಸಂಬಂಧ ಬಿಟ್ಟಳು.

ಧಾರವಾಡದಲ್ಲಿ ಒಂದು ದಿನ ಮೇಷ್ಟ್ರು ಅವಳ ಅಂಗೈ ಮೇಲೆ ಒಂದು ಮಡಕೆ ಚೂರು ಇಟ್ಟರು. ಒಳಗೆ ಕಪ್ಪು, ಹೊರಗೆ ಕೆಂಪು. ಬಟ್ಟಲನ್ನು ಮಗುಚಿ ಸುಟ್ಟರೆ ಹಾಗಾಗುತ್ತದೆ, ಇದು ಕಬ್ಬಿಣ ಬಳಸುತ್ತಿದ್ದ ಹಳೆಯ ಕಾಲದ್ದು ಎಂದರು. ಅದೇ ರಜೆಯಲ್ಲಿ ಊರಿಗೆ ಬಂದವಳಿಗೆ ಪಕ್ಕದ ಮುದ್ದಲಗೇರಾದ ಬದುವಿನಲ್ಲಿ ಥೇಟ್ ಅಂಥದೇ ಚೂರು ಕಂಡಿತು. ಅವಳು ಅಲ್ಲೇ ಕೆಸರಲ್ಲಿ ಕೂತುಬಿಟ್ಟಳು. ಸಂಜೆ ಮನೆಗೆ ಬಂದು ತಂದೆಯನ್ನು ಕೇಳಿದಳು.

‘ಅಪ್ಪಾ, ಇಂಥಾ ಬೋಕಿ ಭಾಳ ಬೀಳೋ ಹೊಲಾ ಯಾವ್ಯಾವು ಅದಾವು?’

ರಾಜಾಸಾಬ ಚೂರನ್ನು ತಿರುಗಿಸಿ ನೋಡಿ, ‘ನಾಳೆ ಮುಂಜಾನೆ ಗಾಡಿ ಹತ್ತು,’ ಎಂದ.

ಹತ್ತಿದಳು. ಒಂದು ಹೊಲದ ಬದುವಿಗೆ ಗಾಡಿ ನಿಲ್ಲಿಸಿ, ಬೀಡಿ ಹಚ್ಚಿ, ‘ಇಲ್ಲಿ ನೋಡು,’ ಅನ್ನುತ್ತಿದ್ದ. ನೋಡಿದರೆ ಕಾಲಿಟ್ಟಲ್ಲೆಲ್ಲ ಚೂರು. ಇನ್ನೊಂದು ಹೊಲ, ಅಲ್ಲೂ ಅದೇ ಕತೆ. ಒಂದು ರಜೆ ಎರಡು ರಜೆ ಅಲ್ಲ, ಅವಳ ಪಿಎಚ್‌ಡಿಯ ಉದ್ದಕ್ಕೂ ಅಪ್ಪನ ಗಾಡಿ ಒಂದೇ ಒಂದು ಸಲವೂ ಖಾಲಿ ಹೊಲಕ್ಕೆ ಹೋಗಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಅವಳು ತಂದೆಗೆ ವಂದನೆ ಬರೆದಳು. ಗಾಡಿಯ ಮೇಲೆ ಕೂತೇ ನೆಲದ ಗುಣ ಬಲ್ಲವನು ಎಂದು ಹೊಗಳಿದಳು. ಅದನ್ನು ಓದಿ ಹೇಳಿದಾಗ ರಾಜಾಸಾಬ ನಾಚಿ ದನದ ಕೊಟ್ಟಿಗೆಗೆ ಎದ್ದುಹೋಗಿದ್ದ.

ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಎಂಬತ್ತು ದಾಟಿದ ರಾಜಾಸಾಬ ಹೆಂಡತಿಯೊಂದಿಗೆ ಕೊಪ್ಪಳದಲ್ಲಿ ಮಗಳ ಮನೆಯಲ್ಲಿದ್ದಾನೆ. ಹೊರಸಿನ ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರುಗಳ ಹೇರಿಗೆ ತಪ್ಪು ಹಿಡಿಯುವುದು ಅವನ ದಿನದ ಕೆಲಸ.

ಕಡಲೆ ಕಿತ್ತು ಹೊಲ ಖಾಲಿಯಾದ ಮೇಲೆ ಮುದ್ದಲಗೇರಾದಲ್ಲಿ ಅಗೆತ ಶುರುವಾಯಿತು. ಹೊಲ ಶರಣಬಸಪ್ಪನದು. ತನ್ನ ಹೊಲದಲ್ಲಿ ಅರಮನೆ ಐತೆಂದು ಅವನು ಅಷ್ಟರಲ್ಲಾಗಲೇ ಕುಷ್ಟಗಿ ಸಂತೆಯವರೆಗೂ ಸಾರಿ ಬಂದಿದ್ದ. ಅವನದು ಒಂದೇ ಕರಾರು.

‘ಸೋಮವಾರ ಮಾತ್ರ ನೆಲಕ್ಕ ಕಬ್ಬಣಾ ಹಚ್ಚಬ್ಯಾಡ್ರಿ ಮೇಡಂ. ಅವತ್ತು ಬಸವಣ್ಣನ ವಾರ. ಎತ್ತಿಗೂ ಸೂಟಿ, ನೆಲಕ್ಕೂ ಸೂಟಿ.’

‘ನನಗೂ ಸೂಟಿ ಕೊಡ್ರಿ, ಬ್ಯಾಡ ಅಂದಾರ್ಯಾರು,’ ಎಂದಳು ಜೋಹರಾ. ಸೋಮವಾರ ಡಿಪಾರ್ಟ್‌ಮೆಂಟಿನಲ್ಲಿ ಕೂತು ಚೂರು ತೊಳೆಯುವುದೆಂದು ಠರಾವಾಯಿತು.

ಮೊದಲ ಎರಡು ದಿನ ಹಬ್ಬ. ನೇಗಿಲು ಆಡುವ ಮೇಲ್ಮಣ್ಣಿನಲ್ಲಿ ಬುಟ್ಟಿಗಟ್ಟಲೆ ಬೋಕಿ ಬಂದವು. ಮೂರನೆಯ ದಿನ ಮೇಲ್ಮಣ್ಣು ಮುಗಿದು ಕೆಳಗಿನ ಕರಿನೆಲ ಹತ್ತಿತು. ಆ ಕರಿನೆಲದಲ್ಲಿ ಏನೂ ಇರಲಿಲ್ಲ. ಒಂದು ಚೂರಿಲ್ಲ, ಒಂದು ಚಿಟಿಕೆ ಬೂದಿಯಿಲ್ಲ, ಒಂದು ಇದ್ದಿಲಿಲ್ಲ. ಇನ್ನೂ ಇಳಿದರು. ಕಲ್ಲುಮಣ್ಣಿನ ಗರಸು ಬಂತು. ಅಲ್ಲಿಗೆ ಮುಗಿಯಿತು, ಗರಸಿನ ಕೆಳಗೆ ಯಾರೂ ಮನೆ ಕಟ್ಟುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕುಣಿ ತೆಗೆದರು, ಹೊಲದ ಆ ತುದಿಗೆ ಮತ್ತೊಂದು. ಮೇಲೆ ಬೋಕಿಯ ಸುಗ್ಗಿ, ಕೆಳಗೆ ಬರೀ ನೆಲ. ಮನುಷ್ಯರು ಅಲ್ಲಿ ಒಂದು ರಾತ್ರಿ ಮಲಗಿ ಎದ್ದುಹೋದ ಗುರುತೂ ಇರಲಿಲ್ಲ.

ಶರಣಬಸಪ್ಪ ಕುಣಿಯ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ‘ಗುಡ್ಡ ಅಗದು ಇಲಿ ಹಿಡದಂಗ ಅಂತಾರ. ನಮಗ ಇಲೀನೂ ಸಿಗಲಿಲ್ಲಲ್ರಿ,’ ಎಂದ. ಪಾಪ, ಅವನಿಗೂ ಅರಮನೆ ಹೋದ ದುಃಖ.

ಕುಣಿಯ ಗೋಡೆಯ ನಕ್ಷೆ ಬರೆಯುವವನು ಗೋವಿಂದರಾಜ, ಯಲಬುರ್ಗಾದವನು, ಜೋಹರಾಳ ಜೊತೆಗೇ ಪಾಠ ಮಾಡುವ ಸಹೋದ್ಯೋಗಿ. ಅವನು ಹಾಳೆಯ ಮೇಲೆ ಒಂದು ಗೆರೆ ಎಳೆದು, ಎರಡನೆಯ ಗೆರೆ ಎಳೆಯಲು ಏನೂ ಇಲ್ಲದೆ ಪೆನ್ಸಿಲ್ ಕೆಳಗಿಟ್ಟ.

ಬಂದ ಸೋಮವಾರ ಇಬ್ಬರೂ ಡಿಪಾರ್ಟ್‌ಮೆಂಟಿನಲ್ಲಿ ಚೂರು ತೊಳೆಯುತ್ತ ಕೂತರು. ತೊಳೆಯದಿದ್ದರೆ ಮಾಡುವುದಾದರೂ ಏನು. ಮುದ್ದಲಗೇರಾದ ಕುಣಿಯಿಂದ ಬಂದ ಒಂದು ಕಂಠದ ಚೂರಿನ ಮೇಲೆ ಏಣಿಯಂಥ ಒಂದು ಗೀರು ಇತ್ತು, ಮಡಕೆಯ ಒಡೆಯ ತನ್ನದೆಂದು ಗುರುತಿಗೆ ಗೀರಿದ್ದು. ಅರ್ಧ ಏಣಿ ಇತ್ತು, ಉಳಿದರ್ಧ ಒಡೆದುಹೋಗಿತ್ತು. ಇಂಥ ಗೀರು ಎಲ್ಲೋ ನೋಡಿದ್ದೇನಲ್ಲ ಎಂದು ಜೋಹರಾಳಿಗೆ ಕಿರಿಕಿರಿಯಾಗತೊಡಗಿತು. ಎದ್ದು ಹಳೆಯ ಟ್ರಂಕುಗಳನ್ನು ತೆಗೆದಳು. ಪಿಎಚ್‌ಡಿ ಕಾಲದಲ್ಲಿ ಹೊಸನಾಳದ ಹೊಲದಲ್ಲಿ ಆರಿಸಿದ ಚೂರುಗಳ ಅಡಿಯಲ್ಲಿ ಅದು ಸಿಕ್ಕಿತು: ಉಳಿದರ್ಧ ಏಣಿ. ಎರಡನ್ನೂ ಕೈಯಲ್ಲಿ ಹಿಡಿದು ಸುಮ್ಮನೆ ಒಂದರ ಪಕ್ಕ ಒಂದು ತಂದಳು. ಟಕ್ಕೆಂದು ಕೂತವು. ಕೂದಲು ತೂರಲೂ ಸಂದಿಲ್ಲ.

ಗೋವಿಂದರಾಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ‘ಒಂದ ಗಡಿಗಿ ಎರಡು ಊರಾಗ ಹೆಂಗ ಒಡದೀತ್ರಿ? ಮುದ್ದಲಗೇರಾದಿಂದ ಹೊಸನಾಳ ಏನು ಬಾಜೂಮನಿ ಅಲ್ಲ. ಚೂರಿಗೆ ಕಾಲು ಬಂದ್ವೇನು?’

‘ಕಾಲಲ್ರಿ,’ ಎಂದಳು ಜೋಹರಾ ಮೆಲ್ಲಗೆ. ‘ಗಾಲಿ.’

ಅವಳಿಗೆ ಎಲ್ಲ ಒಮ್ಮೆಲೇ ಹೊಳೆದಿತ್ತು. ಚೀಲದ ಗೊಬ್ಬರ ಬರುವ ಮುಂಚೆ ಈ ಸೀಮೆಯ ರೈತರಿಗೆ ಹಾಳಮಣ್ಣೆಂದರೆ ಜೀವ. ಯಾವುದೋ ಕಾಲಕ್ಕೆ ಹಾಳುಬಿದ್ದ ಊರಿನ ದಿಬ್ಬದಲ್ಲಿ ಒಲೆಯ ಬೂದಿ, ದನದ ಸಗಣಿ, ಜನ ಉಂಡು ಚೆಲ್ಲಿದ್ದು ಎಲ್ಲ ಸೇರಿ ಮಣ್ಣು ಕಸುವಾಗಿರುತ್ತದೆ. ಬೇಸಗೆಯಲ್ಲಿ ಆ ದಿಬ್ಬ ಕಡಿದು, ಗಾಡಿಗೆ ಹೇರಿ, ತಂತಮ್ಮ ಹೊಲಕ್ಕೆ ಚೆಲ್ಲುತ್ತಿದ್ದರು. ಮಣ್ಣಿನ ಜೊತೆ ಬೋಕಿಯೂ ಹೋಗುತ್ತಿತ್ತು. ಅಂದರೆ ಹನ್ನೆರಡು ಹಳ್ಳಿ ಎಂದು ಅವಳು ಬರೆದದ್ದು ಹನ್ನೆರಡು ಹೊಲಗಳಿಗೆ ಬಿದ್ದ ಗೊಬ್ಬರ. ಊರು ಇದ್ದದ್ದು ಬೇರೆಲ್ಲೋ.

ಗೋವಿಂದರಾಜ ಒಳ್ಳೆಯವನು. ‘ಈ ಚೂರು ತಿರುಗಿ ಟ್ರಂಕಿಗೆ ಹಾಕಿದ್ರ ಯಾರಿಗೂ ಗೊತ್ತಾಗೂದಿಲ್ಲ ಬಿಡ್ರಿ,’ ಎಂದ, ಅವಳ ಮುಖ ನೋಡಲಾರದೆ.

‘ಹನ್ನೆರಡು ಹಳ್ಳಿ ಕಟ್ಟೀನ್ರಿ ನಾನು. ಒಂದೂ ಇರಲಿಲ್ಲ. ಇದ್ದ ಊರು ಎಲ್ಲೈತಿ ಅದನ್ನರ ನೋಡಬೇಕಲ್ಲ,’ ಎಂದು ಅವಳು ಎದ್ದಳು. ಕೇಳಬೇಕಾದ ಮನುಷ್ಯ ಯಾರು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಮನೆಗೆ ಬಂದಾಗ ರಾಜಾಸಾಬ ಹೊರಸಿನ ಮೇಲೆ ಚಹಾ ಕುಡಿಯುತ್ತಿದ್ದ. ಜೋಹರಾ ಕೂಡಿಸಿದ ಚೂರು ಅವನ ಮುಂದೆ ಹಿಡಿದಳು.

‘ಅಪ್ಪಾ, ಮುದ್ದಲಗೇರಾದ ಹೊಲಕ್ಕ ಹಾಳಮಣ್ಣು ಯಾರು ಹೊಡದ್ರು?’

‘ಇದರಾಗ ಕೇಳೂದೇನೈತಿ. ನಾನ.’

‘ಹೊಸನಾಳಕ್ಕ?’

‘ಅಲ್ಲೂ ನಾನ.’

‘ಮತ್ತ ನೀ ನನಗ ತೋರಿಸಿದ ಹೊಲಾ ಎಲ್ಲಾ?’

ರಾಜಾಸಾಬ ಬಸಿಯಲ್ಲಿನ ಕಡೆಯ ಗುಟುಕು ಕುಡಿದು ಮಗಳನ್ನು ವಿಚಿತ್ರವಾಗಿ ನೋಡಿದ. ‘ನೀ ಬೋಕಿ ಬೀಳೋ ಹೊಲಾ ಯಾವು ಅಂತ ಕೇಳಿದಿ. ನಾ ಬೋಕಿ ಹಾಕಿದ ಹೊಲಾ ತೋರಿಸಿದೆ.’

‘ಹಾಳಮಣ್ಣು ಅಂತ ಒಂದ ಮಾತು ಹೇಳಬಾರದೇನಪ್ಪಾ?’

‘ನೀ ಓದಿದಾಕಿ. ಗೊತ್ತಿರತೈತಿ ಅಂತ ತಿಳಕೊಂಡೆ. ಗೊಬ್ಬರ ಹೇರಿದ್ದು ಏನು ದೊಡ್ಡ ಸುದ್ದಿ ಅಂತ ಹೇಳಬೇಕು?’

ಒಳಗಿಂದ ತಾಜಬೀ ನಗುತ್ತ ಬಂದಳು. ಅವಳಿಗೆ ಇಂಥದು ತಿಳಿಯಲು ಎರಡು ಸಲ ಹೇಳಬೇಕಿಲ್ಲ. ‘ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತ. ಅಪ್ಪ ಒಗದಿದ್ದು, ಮಗಳು ಆರಿಸಿದ್ದು. ಅದಕ್ಕ ಸರಕಾರದವರು ಡಾಕ್ಟರ್ ಅಂತ ಬ್ಯಾರೆ ಕರದಾರ,’ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಜೋಹರಾಳಿಗೂ ನಗು ಬಂತು. ಮೂವರೂ ನಕ್ಕರು. ನಗುತ್ತಲೇ ಅವಳು ಕೇಳಿದಳು.

‘ಆ ಹಾಳ ದಿಬ್ಬ ಎಲ್ಲೈತಪ್ಪಾ? ನಾ ಹುಡುಕಬೇಕಾದ ಊರು ಅದ.’

ರಾಜಾಸಾಬನ ನಗು ನಿಂತಿತು. ‘ದಿಬ್ಬ ಎಲ್ಲಿಂದ ಬರಬೇಕವ್ವಾ. ಬ್ಯಾಸಗಿಗೊಮ್ಮೆ ಹೊಡದು ಹೊಡದು ಮುಗಿಸಿದ್ವಿ. ಸಪಾಟ ಆತು,’ ಎಂದ. ಬಸಿ ಕೆಳಗಿಟ್ಟು, ‘ಅಂದ್ರ ಇಷ್ಟು ವರ್ಷ ನೀ ಹುಡುಕಾಕತ್ತಿದ್ದು ಅದನ್ನ?’ ಎಂದು ಕೇಳಿದ.

ಅವಳು ಹೌದೆಂದಳು. ಸುಳ್ಳು ಹೇಳಬಹುದಿತ್ತು, ಆ ಕ್ಷಣಕ್ಕೆ ತೋಚಲಿಲ್ಲ.

ಆ ಸಂಜೆ ರಾಜಾಸಾಬ ಊಟಕ್ಕೆ ಕೂತು, ರೊಟ್ಟಿ ಮುರಿದು, ಹಾಗೆಯೇ ಇಟ್ಟು ಎದ್ದ. ಮರುದಿನ ಚಹಾ ಒಂದರ ಮೇಲೆ ದಿನ ತಳ್ಳಿದ. ಅದರ ಮರುದಿನವೂ ಅಷ್ಟೆ. ಟ್ರ್ಯಾಕ್ಟರುಗಳು ಹೇರು ಓರೆ ಮಾಡಿಕೊಂಡು ಹೋದರೂ ಕತ್ತೆತ್ತಿ ನೋಡಲಿಲ್ಲ. ಹೆಂಡತಿಯ ಹತ್ತಿರ ಮಾತ್ರ ಒಮ್ಮೆ, ‘ಮಗಳ ಊರು ನಾನ ತಿಂದುಬಿಟ್ಟೆ,’ ಎಂದನಂತೆ.

ಜೋಹರಾಳ ಸ್ಥಿತಿಯೂ ಏನು ಹೇಳುವಂತಿರಲಿಲ್ಲ. ಮುಚ್ಚುಮರೆ ಯಾಕೆ, ಅವಳಿಗೆ ಸಿಟ್ಟು ಬಂದಿತ್ತು. ಮೊದಲು ತನ್ನ ಮೇಲೆ, ಆಮೇಲೆ ಅಪ್ಪನ ಮೇಲೆ. ಗಾಡಿಯವರಿಗೆ ದಿಬ್ಬ ಸಪಾಟು ಮಾಡುವವರೆಗೂ ಸಮಾಧಾನವಿರಲಿಲ್ಲವೇ, ಒಂದು ಮೂಲೆಯನ್ನಾದರೂ ಬಿಡಬಾರದಿತ್ತೇ ಎಂದು ಕಪಾಟಿನಲ್ಲಿದ್ದ ತನ್ನ ಪುಸ್ತಕದತ್ತ ನೋಡುತ್ತ ಒಳಗೊಳಗೇ ಕುದ್ದಳು. ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಒಂದೇ ಮನೆಯಲ್ಲಿ ಇರುವವರಿಗೆ ಬಾಯಿಬಿಟ್ಟೇ ಹೇಳಬೇಕೇನು. ರಾಜಾಸಾಬ ಅವಳು ಬಂದರೆ ಗೋಡೆಯ ಕಡೆ ತಿರುಗಿ ಮಲಗತೊಡಗಿದ.

ಕೊನೆಗೆ ತಾಜಬೀಯ ಸಿಟ್ಟು ನೆತ್ತಿಗೇರಿತು. ಮೊದಲೊಂದಿಷ್ಟು ಉರ್ದುವಿನಲ್ಲಿ ಝಾಡಿಸಿ, ಮುಖ್ಯ ಮಾತಿಗೆ ಕನ್ನಡಕ್ಕೆ ಬಂದಳು. ‘ನಿನ್ನ ಹಾಳೂರು ಹೋದ್ರ ಹೋಗ್ಲಿ, ಹಾಳಾಗಿದ್ದ ಮತ್ತೇನು ಹಾಳಾಗತೈತಿ. ನನ್ನ ಗಂಡ ಉಣ್ಣುವಂಗ ಮಾಡು. ಇಲ್ಲಾಂದ್ರ ಆ ಟ್ರಂಕು ಎಲ್ಲಾ ನಾ ರಸ್ತಾದಾಗ ಸುರವತೀನಿ.’

ಸುರಿಯುವವಳೇ ಅವಳು. ಜೋಹರಾ ಹೊರಸಿನ ಹತ್ತಿರ ಹೋಗಿ ಕೂತಳು.

‘ಅಪ್ಪಾ, ಜಾಗಾ ತೋರಿಸು.’

‘ಅಲ್ಲೇನೂ ಇಲ್ಲ.’

‘ಇಲ್ಲದ್ದನ್ನ ತೋರಿಸು. ನೋಡಿ ಬರೂಣು.’

ಮರುದಿನ ಮುಂಜಾನೆ ಗೋವಿಂದರಾಜನ ಕಾರಿನಲ್ಲಿ ಹೊರಟರು. ತಾಜಬೀ ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಕಟ್ಟಿಕೊಟ್ಟು, ಗಂಟು ಹಾಗೇ ತಿರುಗಿ ತಂದರೆ ನೋಡಿ ಎಂದು ಮೂವರಿಗೂ ಕೂಡಿಯೇ ಬೆದರಿಕೆ ಹಾಕಿದಳು. ಕುಷ್ಟಗಿ ದಾಟಿ, ಗಾಳಿಯ ಫ್ಯಾನುಗಳು ತಿರುಗುವ ಬಯಲಿಗೆ ಬರುತ್ತಲೇ ರಾಜಾಸಾಬನಿಗೆ ಸ್ವಲ್ಪ ಜೀವ ಬಂತು. ಇಗೋ ಈ ಹೊಲ, ಮಣ್ಣು ಹಾಕಿದ ವರ್ಷ ಸಜ್ಜೆ ಆಳೆತ್ತರ ಬಂದಿತ್ತು. ಅಗೋ ಆ ಹೊಲ, ಶೇಂಗಾ ಕೀಳಲು ಆಳು ಸಾಲದೆ ಹೋಗಿದ್ದರು. ಹೇಳುತ್ತ ಹೇಳುತ್ತ ಥಟ್ಟನೆ ನೆನಪಾಗಿ ಸುಮ್ಮನಾಗುತ್ತಿದ್ದ. ಕರಡಿಹಾಳದಾಚೆ ಹಳ್ಳದ ದಂಡೆಗೆ ಕಾರು ನಿಲ್ಲಿಸಲು ಹೇಳಿದ.

ತೊಗರಿ ಕೊಯ್ದ ಬಯಲು. ದಿಬ್ಬವಿರಲಿ, ಸುತ್ತಲ ಹೊಲಕ್ಕಿಂತ ಅದೇ ಒಂದು ಮೊಳ ತಗ್ಗಾಗಿತ್ತು. ಜೋಹರಾ ಎಂದಿನಂತೆ ನೆಲ ನೋಡುತ್ತ ನಡೆದಳು. ಗೋವಿಂದರಾಜನೇ ಅವಳ ಮೊಳಕೈ ಮುಟ್ಟಿ, ‘ಮೇಡಂ, ಮ್ಯಾಲ ನೋಡ್ರಿ,’ ಎಂದ.

ಬಯಲಿನ ನಡುವೆ ಒಂದು ಮುದಿ ಬೇವಿನ ಮರ. ಅದು ನೆಲದ ಮೇಲೆ ನಿಂತಿರಲಿಲ್ಲ. ಎರಡಾಳೆತ್ತರದ ಒಂದು ಮಣ್ಣಿನ ಕಟ್ಟೆಯ ಮೇಲೆ ನಿಂತಿತ್ತು. ಸುತ್ತ ಎಲ್ಲ ಕಡಿದು, ಅದೊಂದನ್ನು ಮಾತ್ರ ಬಿಟ್ಟಿದ್ದರು.

‘ಅದು ಯಾಕ ಹಂಗೈತಪ್ಪಾ?’

‘ಅದು ನಮ್ಮ ಬುತ್ತಿ ಬೇವು,’ ಎಂದ ರಾಜಾಸಾಬ. ‘ಗಾಡಿಯವರೆಲ್ಲಾ ಮಧ್ಯಾಹ್ನ ಎತ್ತು ಬಿಟ್ಟು ಅಲ್ಲೇ ಉಣ್ಣತಿದ್ವಿ. ದಿಬ್ಬ ಮುಗೀತಾ ಬಂದಾಗ ಉಳದಾವ್ರು ಮರದ ಬುಡಕ್ಕೂ ಸಲಿಕಿ ಹಾಕಾಕ ಬಂದ್ರು. ಅಲ್ಲಿ ಬೂದಿ ಭಾಳ, ಕಸುವಿನ ಮಣ್ಣು. ನಾ ಜಗಳಾ ತಗದೆ. ನೆರಳ ಹೊಡದು ಹೊಲಕ್ಕ ಹಾಕತೀರೇನು, ನಾಳೆ ಎಲ್ಲಿ ಕುಂತು ಉಣ್ಣತೀರಿ ಅಂದೆ. ಬಿಟ್ರು. ಆಮ್ಯಾಲ ಚೀಲದ ಗೊಬ್ಬರ ಬಂತು, ಯಾರೂ ಈ ಕಡೆ ಹಾಯಲಿಲ್ಲ.’

ಅವನ ಮಾತು ಮುಗಿಯುವುದರೊಳಗೆ ಜೋಹರಾ ಓಡಿದ್ದಳು. ಹೌದು, ಐವತ್ತೆಂಟರ ಪ್ರೊಫೆಸರ್ ಸೀರೆ ಎತ್ತಿಕಟ್ಟಿ ಓಡಿದಳು. ಕಟ್ಟೆಯ ಒಂದು ಮಗ್ಗುಲನ್ನು ಮಳೆ ತೊಳೆದಿತ್ತು. ಚೀಲದಿಂದ ಕರಣೆ ತೆಗೆದು ಅವಳು ಆ ಮಗ್ಗುಲನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ಹೆರೆಯತೊಡಗಿದಳು. ಬೇರುಗಳ ನಡುವೆ ಒಂದು ಬಿಳಿ ಪಟ್ಟಿ ಎದ್ದಿತು, ಬೂದಿ. ಅದರ ಕೆಳಗೆ ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ. ಅದರ ಕೆಳಗೆ ಸುಟ್ಟ ಒಲೆಯ ಕೆಂಪು. ಮತ್ತೆ ನೆಲ, ಮತ್ತೆ ಬೂದಿ, ಇನ್ನೊಂದು ನೆಲ. ನಡುವಿನ ಪದರಿನಲ್ಲಿ ಒಳಗೆ ಕಪ್ಪು ಹೊರಗೆ ಕೆಂಪಾದ ಒಂದು ಬಟ್ಟಲು, ಯಾರೋ ಈಗ ಉಂಡು ಮಗುಚಿಟ್ಟಂತೆ, ಇಟ್ಟಲ್ಲೇ ಇತ್ತು. ಯಾವ ಗಾಡಿಯೂ ಅದನ್ನು ತಂದು ಹಾಕಿರಲಿಲ್ಲ.

ಗೋವಿಂದರಾಜ ಬಂದು ಕಟ್ಟೆಯ ಮುಂದೆ ಮಂಡಿಯೂರಿದ. ‘ಹನ್ನೆರಡು ಹಳ್ಳಿ ಅಲ್ರಿ ಮೇಡಂ. ಒಂದ ಊರು. ಮನಿ ಬಿದ್ದಲ್ಲೇ ಮನಿ ಕಟ್ಟಿ, ಎಷ್ಟು ತಲಿಮಾರು ಬಾಳ್ಯಾರ ನೋಡ್ರಿ.’

ಹೌದು, ಒಂದೇ ಊರು. ಹನ್ನೆರಡು ಹೊಲದಿಂದ ಆರಿಸಿ ತಂದು ಟ್ರಂಕಿನಲ್ಲಿಟ್ಟ ಚೂರೆಲ್ಲ ಈ ಒಂದು ಊರಿನ ಅಡಿಗೆಮನೆಗಳದ್ದು. ಅವಳ ಪುಸ್ತಕ ಹೋಯಿತು. ಹೋದದ್ದಕ್ಕೆ ಆ ಹೊತ್ತಿನಲ್ಲಿ ಅವಳಿಗೆ ಎಳ್ಳಷ್ಟೂ ಸಂಕಟವಾಗಲಿಲ್ಲ. ಎರಡು ವರ್ಷ ಇದೆ, ಹೊಸದು ಬರೆದರಾಯಿತು. ಅವಳು ಹಣೆಯನ್ನು ಆ ಮಣ್ಣಿಗೆ ತಾಗಿಸಿ, ತನಗೆ ಗೊತ್ತಿದ್ದ ದೇವರಿಗೆಲ್ಲ ಶುಕ್ರಿಯಾ ಹೇಳಿದಳು.

ತಿರುಗಿ ನೋಡಿದರೆ ರಾಜಾಸಾಬ ದೂರದಲ್ಲೇ ನಿಂತಿದ್ದ, ಟೊಪ್ಪಿಗೆ ಕೈಯಲ್ಲಿ ಹಿಡಿದು, ಪಂಚರ ಮುಂದೆ ನಿಂತವನಂತೆ.

‘ಏನರ ಉಳದೈತೇನವ್ವಾ?’

‘ಉಳದೈತಪ್ಪಾ. ನೀ ಉಂಡ ಜಾಗಾ ಉಳದೈತಿ.’

ಅವನ ಮುಖ ಅರಳಲಿಲ್ಲ. ತಗ್ಗಾದ ಬಯಲಿನ ಉದ್ದಗಲಕ್ಕೂ ಕಣ್ಣಾಡಿಸಿದ. ‘ಉಳದಿದ್ದು ಇಷ್ಟು. ನಾ ಹೊಡದಿದ್ದು ಎಷ್ಟು ನೋಡು. ನನಗ ಗೊತ್ತಿದ್ರ ಒಂದು ಬುಟ್ಟೀನೂ ಮುಟ್ಟತಿರಲಿಲ್ಲ.’

ಜೋಹರಾಳಿಗೆ ಆ ಮಾತು ಎದೆಗೆ ನಾಟಿತು. ಮುಟ್ಟದೇ ಇದ್ದಿದ್ದರೆ? ಅವಳು ಒಂದು ಕ್ಷಣ ಲೆಕ್ಕ ಹಾಕಿದಳು, ಲೆಕ್ಕ ಸರಳವಾಗಿಯೇ ಇತ್ತು. ಮೂರು ದಿನದಿಂದ ಒಳಗೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈಗೆಲ್ಲ ಬೂದಿ.

‘ಮುಟ್ಟಲಾರದ ಇದ್ದಿದ್ರ ನಾ ಏಳನೇತ್ತಾಕ ಸಾಲಿ ಬಿಡತಿದ್ನಪ್ಪಾ. ಬ್ಯಾಸಗ್ಯಾಗ ಮತ್ತ ಯಾವ ಬಾಡಿಗಿ ಇತ್ತು ನಿನಗ? ಈ ಮಣ್ಣು ಹೊಡದ ನನ್ನ ಹಾಸ್ಟೆಲಿಗೆ ಕಳಿಸಿದಿ, ಈ ಮಣ್ಣು ಹೊಡದ ಧಾರವಾಡಕ್ಕ ಕಳಿಸಿದಿ. ಊರು ನೀ ತಿಂದಿಲ್ಲ. ಈ ಊರು ನನ್ನ ಓದಸೈತಿ. ಸಾವಿರಾರು ವರ್ಷದ ಹಿಂದ ಸತ್ತ ಮಂದಿ, ನನಗ ಏನೂ ಆಗಬೇಕಾದವ್ರಲ್ಲ, ತಮ್ಮ ಒಲಿ ಬೂದಿ ಕೊಟ್ಟು ನನ್ನ ಸಾಲಿ ಕಲಿಸ್ಯಾರ. ಅದನ್ನ ಹೊತ್ತು ತಂದಾವ ನೀನು. ನಾ ಯಾರಿಗೆ ಅಂತ ಸಲಾಂ ಮಾಡಲಿ, ಅವರಿಗೋ ನಿನಗೋ?’

ರಾಜಾಸಾಬ ಮಗಳ ಕೈ ಬಿಡಿಸಿಕೊಂಡು ಮೆಲ್ಲಗೆ ನಡೆದು ಕಟ್ಟೆಯವರೆಗೆ ಹೋದ. ಅವಳು ಹೆರೆದ ಮಗ್ಗುಲನ್ನು, ಬೂದಿಯ ಮೇಲೆ ನೆಲ, ನೆಲದ ಮೇಲೆ ಬೂದಿ, ಕತ್ತೆತ್ತಿ ಮೇಲಿನವರೆಗೂ ನೋಡಿದ. ಬಲಗೈ ಎತ್ತಿ ಹಣೆಗೆ ಮುಟ್ಟಿಸಿ ಆ ಮಣ್ಣಿಗೆ ಸಲಾಂ ಮಾಡಿದ. ಟೊಪ್ಪಿಗೆ ತಲೆಗಿಟ್ಟುಕೊಂಡ. ಆಮೇಲೆ ಬೇವಿನ ನೆರಳು ಬಿದ್ದ ಕಡೆ ಜಾಗ ನೋಡಿ, ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತ.

‘ಹಸಿವ್ಯಾಗೈತಿ,’ ಎಂದ. ‘ಬುತ್ತಿ ಬಿಚ್ಚು.’